ಪೇಷಂಟ್ ಸರಿಯಾಗಿ ಕುಡಿದಿಲ್ಲ ಅನ್ನುವ ಮುಂಚೆ: ಮುಂಬೈ ಆಸ್ಪತ್ರೆಗಳ ಎಂಡೋಸ್ಕೋಪಿ ವಿಭಾಗದವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಮುಂಬೈಯ ಎಂಡೋಸ್ಕೋಪಿ ರೂಮಿನಲ್ಲಿ ವರ್ಷಾನುಗಟ್ಟಲೆ ದುಡಿದು ನಿವೃತ್ತಳಾದ ನರ್ಸ್. ಹುಟ್ಟಿದ್ದು ಕುಂದಾಪುರದ ಕಡೆ, ಮನೆ ಡೊಂಬಿವಲಿಯಲ್ಲಿ. ಈ ಪತ್ರದ ಮರಾಠಿ ಪ್ರತಿ ನಿಮಗೆ ಬೇರೆಯಾಗಿ ತಲುಪುತ್ತದೆ. ಕನ್ನಡದಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿರುವುದಕ್ಕೆ ಕಾರಣ ಇದೆ. ಇದರಲ್ಲಿ ಅರ್ಧ ನಿಮಗೆ. ಇನ್ನರ್ಧ ಹೋಟೆಲು, ಕಟ್ಟಡ ಕೆಲಸ, ಬ್ಯಾಂಕು ಅಂತ ಬಂದು ಈ ಊರಲ್ಲಿ ನೆಲೆಸಿದ ನಮ್ಮವರಿಗೆ.

ಕೊಲೊನೋಸ್ಕೋಪಿ ಅಂದರೆ ಕ್ಯಾಮೆರಾ ಇರುವ ಕೊಳವೆ (ಸ್ಕೋಪ್) ಒಳಗೆ ಬಿಟ್ಟು ದೊಡ್ಡ ಕರುಳನ್ನು ನೋಡುವ ಪರೀಕ್ಷೆ. ಅದಕ್ಕೆ ಮುಂಚೆ ಬೇಧಿ ಔಷಧ ಕುಡಿದು ಕರುಳು ತೊಳೆದುಕೊಳ್ಳಬೇಕು. ಬಂದವರ ಕರುಳು ಸ್ವಚ್ಛವಾಗಿಲ್ಲದಿದ್ದರೆ ರಿಪೋರ್ಟಿನಲ್ಲಿ "ಪ್ರಿಪರೇಶನ್ ಪೂರ್" ಅಂತ ಬೀಳುತ್ತದೆ, ಅಂದರೆ ತಯಾರಿ ಸಾಲದು. ಪೇಷಂಟ್ ಸರಿಯಾಗಿ ಕುಡಿದಿಲ್ಲ, ಮತ್ತೆ ಬರಲಿ. ಮಾತು ಅಲ್ಲಿಗೆ ಮುಗಿಯಿತು. ನಾನು ಹೇಳುವುದು ಇಷ್ಟೇ: ಆ ಪೇಷಂಟ್ ಫೇಲಾಗಿದ್ದು ಬಹಳ ಸಲ ಮನೆಯಲ್ಲಲ್ಲ, ನಿಮ್ಮ ಅಪಾಯಿಂಟ್‌ಮೆಂಟ್ ಕೌಂಟರಿನಲ್ಲಿ. ಎಷ್ಟು ಗಂಟೆಗೆ ಬರಲು ಹೇಳಿದಿರಿ, ಕೈಗೆ ಯಾವ ಹಾಳೆ ಕೊಟ್ಟಿರಿ, ಮನೆ ಎಲ್ಲಿ ಅಂತ ಕೇಳಿದಿರಾ? ಎಲ್ಲ ಅಲ್ಲೇ ನಿಂತಿದೆ.

ಒಂದು ಹಾಳೆಯನ್ನೇ ನೋಡೋಣ. ಯಾವ ಆಸ್ಪತ್ರೆಯದು ಅಂತ ಬೇಡ. ನಮ್ಮ ಬಿಲ್ಡಿಂಗಿನ ಹುಡುಗ, ಅಪ್ಪನಿಗೆ ಕೊಟ್ಟದ್ದು ಅಂತ ತಂದು ತೋರಿಸಿದ. ಜೆರಾಕ್ಸಿನ ಜೆರಾಕ್ಸ್. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಹಿಂದಿನ ದಿನ ದ್ರವ ಆಹಾರ ಮಾತ್ರ. ಪೌಡರನ್ನು ಎರಡು ಲೀಟರ್ ನೀರಿಗೆ ಹಾಕಿ. ಅರ್ಧ ಪಾಲನ್ನು ರಾತ್ರಿ ಕುಡಿಯಿರಿ, ಉಳಿದರ್ಧವನ್ನು ಬೆಳಿಗ್ಗೆ. ಜತೆಯಲ್ಲಿ ಒಬ್ಬರನ್ನು ಕರೆತನ್ನಿ. ಇದರ ಮೇಲೆ ಓರೆಯಾಗಿ ಒಂದು ನೀಲಿ ರಬ್ಬರ್ ಸ್ಟಾಂಪ್: ರಾತ್ರಿ 12ರ ನಂತರ ಬಾಯಿಗೆ ಏನೂ ಹಾಕಬಾರದು. ಆಪರೇಷನ್ ಪೇಷಂಟುಗಳಿಗೆ ಹೊಡೆಯುವ ಸ್ಟಾಂಪ್ ಇಲ್ಲಿಗೂ ಬಿದ್ದಿದೆ.

ಈಗ ಆ ಅಪ್ಪ ಯಾವುದನ್ನು ನಂಬಬೇಕು? ಬೆಳಿಗ್ಗೆ ಕುಡಿ ಅನ್ನುವ ಸಾಲನ್ನೋ, ಬಾಯಿಗೆ ಏನೂ ಹಾಕಬೇಡ ಅನ್ನುವ ಸ್ಟಾಂಪನ್ನೋ? ಬೇಡ ಅಂದಿದ್ದನ್ನೇ ಜನ ಪಾಲಿಸುತ್ತಾರೆ. ಅದು ಸುಲಭ. ಮತ್ತೆ ಸ್ಟಾಂಪ್ ಅಂದರೆ ಭಯ ಜಾಸ್ತಿ, ಅಲ್ವಾ? ಉಪ್ಪುಪ್ಪಾದ ಆ ನೀರನ್ನು ಕುಡಿಯದಿರಲು ಆಸ್ಪತ್ರೆಯೇ ಪರವಾನಗಿ ಕೊಟ್ಟ ಹಾಗೆ.

ಬೆಳಗಿನ ಅರ್ಧ ಯಾಕೆ ಬಿಡಬಾರದು ಅನ್ನುವುದು ನಿಮಗೆ ಗೊತ್ತು. ಓದುವವರಿಗಾಗಿ ಹೇಳುತ್ತೇನೆ. ರಾತ್ರಿ ಕುಡಿದು ಕರುಳು ತೊಳೆದರೂ ಸಣ್ಣ ಕರುಳು ಸುಮ್ನೆ ಇರುವುದಿಲ್ಲ. ಪಿತ್ತ, ಲೋಳೆ ಎಲ್ಲ ನಿಧಾನಕ್ಕೆ ದೊಡ್ಡ ಕರುಳಿಗೆ ಇಳಿಯುತ್ತಲೇ ಇರುತ್ತದೆ. ಬೆಳಗಾಗುವ ಹೊತ್ತಿಗೆ ದೊಡ್ಡ ಕರುಳಿನ ಬಲಭಾಗದಲ್ಲಿ ಹಳದಿ ಅಂಟು ಹಿಡಿದಿರುತ್ತದೆ. ಚಪ್ಪಟೆಯಾಗಿ, ಕರುಳಿನದೇ ಬಣ್ಣದಲ್ಲಿ, ಮೇಲೊಂದು ಲೋಳೆ ಪದರ ಹೊದ್ದು ಕೂರುವ ಪಾಲಿಪ್‌ಗಳು (ಕರುಳಿನ ಒಳಗೋಡೆಯ ಗಂಟುಗಳು) ಹೆಚ್ಚಾಗಿ ಇರುವುದೂ ಆ ಬಲಭಾಗದಲ್ಲೇ. ಚೆನ್ನಾಗಿ ತೊಳೆದ ಕರುಳಿನಲ್ಲೇ ಅವು ಕಣ್ಣಿಗೆ ಬೀಳುವುದು ಕಷ್ಟ. ಅಂಟಿನ ಕೆಳಗೆ ಇದ್ದರೆ ಕೇಳುವುದೇ ಬೇಡ. ಇಂಥ ಗಂಟುಗಳು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಬೇಕು, ಅಷ್ಟರೊಳಗೆ ಸಿಕ್ಕರೆ ತೆಗೆದು ಹಾಕಬಹುದು. ಪರೀಕ್ಷೆ ಮಾಡಿಸುವುದೇ ಅದಕ್ಕೆ.

ಅದಕ್ಕೇ ಔಷಧವನ್ನು ಎರಡು ಪಾಲು ಮಾಡಿ ಕೊಡಬೇಕು ಅಂತ ಅಮೆರಿಕದ ತಜ್ಞರ ಮಾರ್ಗಸೂಚಿ 2014ರಲ್ಲೇ ಹೇಳಿತು. ಯುರೋಪಿನವರು 2019ರಲ್ಲಿ ಅದನ್ನೇ ಹೇಳಿದರು. ಅಮೆರಿಕದವರು 2025ರಲ್ಲಿ ಮತ್ತೆ ಹೇಳಿದ್ದಾರೆ. ಎರಡನೇ ಪಾಲನ್ನು ಪರೀಕ್ಷೆಗೆ 4ರಿಂದ 6 ಗಂಟೆ ಮುಂಚೆ ಶುರು ಮಾಡಿ, ಕನಿಷ್ಠ 2 ಗಂಟೆ ಮುಂಚೆ ಮುಗಿಸಬೇಕು. ಅರಿವಳಿಕೆ ವೈದ್ಯರ ನಿಯಮವೂ ತಿಳಿ ದ್ರವವನ್ನು 2 ಗಂಟೆ ಮುಂಚಿನವರೆಗೆ ಒಪ್ಪುತ್ತದೆ. ಹೊಟ್ಟೆ ನಿಧಾನಕ್ಕೆ ಖಾಲಿಯಾಗುವ ಹಳೇ ಸಕ್ಕರೆ ಕಾಯಿಲೆಯವರಂಥವರಿಗೆ ಬೇರೆ ಲೆಕ್ಕ, ಸರಿ. ಉಳಿದವರಿಗೆ ಜಗಳವೇ ಇಲ್ಲ. ಎಂಡೋಸ್ಕೋಪಿಯವರು, ಅರಿವಳಿಕೆಯವರು ಒಂದು ಮಧ್ಯಾಹ್ನ ಚಹಾಕ್ಕೆ ಕೂತು ಒಂದೇ ಸಮಯ ಬರೆದುಕೊಳ್ಳಲಿ. ಒಂದು ಕಟ್ಟಡದಲ್ಲಿ ಎರಡು ನಿಯಮ ಇರಬಾರದು.

ಈಗ ಗಡಿಯಾರಕ್ಕೆ ಬರುತ್ತೇನೆ.

ಬೆಳಿಗ್ಗೆ 8ಕ್ಕೆ ಪರೇಲಿನಲ್ಲಿ ಪರೀಕ್ಷೆ. ಮನೆ ದೂರದ ಬದ್ಲಾಪುರದಲ್ಲಿ. ಎರಡನೇ ಲೀಟರನ್ನು 3 ಗಂಟೆಗೆ ಎದ್ದು ಶುರು ಮಾಡಬೇಕು. ಮುಗಿಯುವಾಗ 4 ದಾಟುತ್ತದೆ. ಆಮೇಲೆ ಒಂದೆರಡು ಗಂಟೆ ಸಂಡಾಸಿನ ಹತ್ತಿರವೇ ಇರಬೇಕು. ಆದರೆ 6ಕ್ಕೆಲ್ಲ ಲೋಕಲ್ ರೈಲು ಹಿಡಿಯದಿದ್ದರೆ 8ಕ್ಕೆ ಮುಟ್ಟುವುದಿಲ್ಲ. ಲೋಕಲಿನಲ್ಲಿ ಶೌಚಾಲಯ ಇಲ್ಲ. ಕುರ್ಲಾ ಬರುವ ಹೊತ್ತಿಗೆ ಉಸಿರಾಡಲು ಜಾಗ ಇರುವುದಿಲ್ಲ, ನಡುವಿನ ಸ್ಟೇಷನ್ನಿನಲ್ಲಿ ಇಳಿಯೋಣ ಅಂದರೆ ಬಾಗಿಲವರೆಗೆ ತಲುಪುವುದೇ ಒಂದು ಸಾಹಸ. ಅರವತ್ತು ದಾಟಿದ ಹೆಂಗಸು ಏನು ಮಾಡುತ್ತಾಳೆ? ಬೆಳಗಿನ ಡೋಸ್ ಬಿಡುತ್ತಾಳೆ. ನಾನಾದರೂ ಬಿಡುತ್ತಿದ್ದೆ.

ಇದಕ್ಕೆ ಹೊಸ ಮೆಷಿನ್ ಬೇಕಿಲ್ಲ, ಬಜೆಟ್ ಬೇಕಿಲ್ಲ. ಕೌಂಟರಿನಲ್ಲಿ ಕೂತವರು ತಾರೀಖು ಬರೆಯುವ ಮುಂಚೆ "ಎಲ್ಲಿಂದ ಬರುತ್ತೀರಿ?" ಅಂತ ಕೇಳಿದರೆ ಸಾಕು. ದಾದರ್, ಸಾಯನ್, ಲಾಲ್‌ಬಾಗ್‌ನವರಿಗೆ 8 ಗಂಟೆ ಕೊಡಿ. ವಿರಾರ್, ಬದ್ಲಾಪುರ, ಪನ್ವೇಲ್‌ನವರಿಗೆ 12ರ ನಂತರ ಕೊಡಿ. ಮಧ್ಯಾಹ್ನದ ಪರೀಕ್ಷೆಗೆ ಎರಡೂ ಪಾಲನ್ನು ಅದೇ ದಿನ ಬೆಳಿಗ್ಗೆ ಕುಡಿದರೂ ನಡೆಯುತ್ತದೆ, ಮಾರ್ಗಸೂಚಿಯೇ ಒಪ್ಪಿದೆ. ಈಗ ನಡೆಯುತ್ತಿರುವುದು ಇದಕ್ಕೆ ಉಲ್ಟಾ. ದೂರದವರು ಸಂಜೆ ಬೇಗ ಮನೆ ಸೇರಲಿ ಅಂತ ಕರುಣೆಯಿಂದ ಅವರಿಗೇ ಮೊದಲ ನಂಬರು ಕೊಡುತ್ತಾರೆ.

ದೂರದ್ದು ಒಂದು ಸಮಸ್ಯೆಯಾದರೆ ಸಂಡಾಸಿನದು ಇನ್ನೊಂದು. ಚಾಳಿನಲ್ಲಿ ಗ್ಯಾಲರಿ ತುದಿಗೆ ಸಂಡಾಸು, ಹೊರಗೆ ಸಾಲು, ನೀರು ಬರುವುದು ಪಾಲಿಕೆ ಬಿಟ್ಟಾಗ. ಝೋಪಡಪಟ್ಟಿಯಲ್ಲಿ ಸಾರ್ವಜನಿಕ ಶೌಚಾಲಯ, ರಾತ್ರಿ ಅಲ್ಲಿಗೆ ಹೆಂಗಸರು ಒಬ್ಬರೇ ಹೋಗುವುದಿಲ್ಲ. ಇಂಥ ಮನೆಯವರಿಗೆ ಎರಡು ಲೀಟರ್ ಜುಲಾಬು ಕೊಟ್ಟು ಕಳಿಸಿ, ಮರುದಿನ "ಸರಿಯಾಗಿ ಕುಡಿದಿಲ್ಲ" ಅನ್ನುವುದು ಯಾವ ನ್ಯಾಯ? ಪಾಲಿಕೆಯ ದೊಡ್ಡ ಆಸ್ಪತ್ರೆಗಳಿಗೆ ಬರುವವರಲ್ಲಿ ಇಂಥವರು ಕಡಿಮೆ ಏನಿಲ್ಲ. ಎಂಡೋಸ್ಕೋಪಿ ವಿಭಾಗದ ಪಕ್ಕ ಒಂದು ರೂಮು, ಹತ್ತು ಕುರ್ಚಿ, ನಾಲ್ಕು ಸಂಡಾಸು, ಒಬ್ಬ ಆಯಾ. ಬೆಳಿಗ್ಗೆ 6ಕ್ಕೆ ಬಾಗಿಲು ತೆರೆಯಲಿ. ಬೇಕಾದವರು ಬಂದು ಅಲ್ಲೇ ಕುಡಿಯಲಿ, ಅಲ್ಲೇ ಹೋಗಲಿ, ಮಧ್ಯಾಹ್ನ ಪರೀಕ್ಷೆ ಮಾಡಿಸಿಕೊಳ್ಳಲಿ. ಈ ಪತ್ರದಲ್ಲಿ ನಿಮಗೆ ದುಡ್ಡು ಖರ್ಚು ಬರುವುದು ಇದೊಂದೇ. ಇದನ್ನು ಪಾಲಿಕೆಯ ಆರೋಗ್ಯ ಇಲಾಖೆಯವರೂ ಓದಲಿ ಅಂತ ಬೇಕೆಂದೇ ಬರೆಯುತ್ತಿದ್ದೇನೆ.

ಇನ್ನು ನಾವು ಕೇಳುವ ರೀತಿ. ಒಬ್ಬರು ಬಂದಿದ್ದರು, ಹೋಟೆಲಿನಲ್ಲಿ ಕೆಲಸ, ಹೋಟೆಲಿನ ಮೇಲಿನ ರೂಮಿನಲ್ಲೇ ಬೇರೆಯವರ ಜತೆ ವಾಸ. ಪರೀಕ್ಷೆಯ ರೂಮಿನೊಳಗೆ ಕರೆದುಕೊಳ್ಳುವ ಮುಂಚೆ ಹುಡುಗಿಯೊಬ್ಬಳು ಹಿಂದಿಯಲ್ಲಿ "ಹೊಟ್ಟೆ ಸಾಫ್ ಆಯ್ತಾ?" ಅಂತ ಕೇಳಿದಳು. "ಆಯ್ತು ಸಿಸ್ಟರ್." ಫೈಲಿನಲ್ಲಿ ಊರಿನ ಹೆಸರು ನೋಡಿ ನಾನು ಕನ್ನಡದಲ್ಲಿ ಮಾತಿಗೆಳೆದೆ.

"ಕೊನೇ ಸಲ ಹೋದಾಗ ಬಣ್ಣ ಏನಿತ್ತು?"

ಅವರು ಆಚೀಚೆ ನೋಡಿದರು. "ಕಂದು ಇತ್ತು ಅಕ್ಕ. ಸ್ವಲ್ಪ ಗಟ್ಟಿನೂ ಇತ್ತು."

"ಎಷ್ಟು ಕುಡಿದ್ರಿ?"

"ಒಂದು ಬಾಟ್ಲಿ. ಐದಾರು ಸಲ ಹೋಗಿ ಆಯ್ತಲ್ಲ, ಇನ್ನು ಯಾಕೆ ಅಂತ ಬಿಟ್ಟೆ. ರೂಮಿನಲ್ಲಿ ಎಲ್ಲರಿಗೂ ಸೇರಿ ಇರೋದು ಒಂದೇ ಸಂಡಾಸು. ಅವರೂ ಡ್ಯೂಟಿಗೆ ಹೋಗ್ಬೇಕಲ್ಲ."

ಅವರಿಗೆ ಉಳಿದ ಪಾಲನ್ನು ಅಲ್ಲೇ ಕುಡಿಸಿ, ನಂಬರನ್ನು ಕೊನೆಗೆ ಹಾಕಿಸಿ, ಮಧ್ಯಾಹ್ನ ಪರೀಕ್ಷೆ ಮುಗಿಸಿದೆವು. ಅವರ ಒಂದು ದಿನದ ಸಂಬಳ ಉಳಿಯಿತು, ಜತೆಗೆ ಬಂದಿದ್ದ ಅಳಿಯನದೂ ಉಳಿಯಿತು. ಸಾಫ್ ಆಯ್ತಾ ಅಂದರೆ ಪ್ರಪಂಚದಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಬಣ್ಣ ಕೇಳಬೇಕು. ತಿಳಿ ಹಳದಿ ನೀರಿನಂತೆ, ತಳ ಕಾಣುವ ಹಾಗಿದ್ದರೆ ಆಯಿತು. ಕಂದು, ಗೊಜ್ಜು, ಚೂರು ಇದ್ದರೆ ಇನ್ನೂ ಆಗಿಲ್ಲ. ಹಾಳೆಯಲ್ಲೇ ನಾಲ್ಕು ಬಣ್ಣದ ಚಿತ್ರ ಹಾಕಿದರೆ ಬಾಯಿಬಿಟ್ಟು ಹೇಳಲು ನಾಚುವವರೂ ಬೆರಳಿಟ್ಟು ತೋರಿಸುತ್ತಾರೆ. ಅತ್ತೆಯಂದಿರು, ಅಜ್ಜಿಯಂದಿರು ಈ ವಿಷಯವನ್ನು ಸೊಸೆಯ ಹತ್ತಿರವೂ ಹೇಳುವುದಿಲ್ಲ, ಗೊತ್ತಲ್ಲ.

ಊಟದ ವಿಷಯಕ್ಕೆ ಇಂಗ್ಲಿಷ್ ಪುಸ್ತಕದ ಪಟ್ಟಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬ್ರೊಕೊಲಿ ತಿನ್ನಬೇಡಿ ಅಂತ ನಮ್ಮ ಗದಗಿನ ಮೇಸ್ತ್ರಿಗೆ ಹೇಳಿ ಏನು ಪ್ರಯೋಜನ? ಅವರಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಸೊಪ್ಪಿನ ಪಲ್ಯ ಬೇಡ ಅಂತ ಹೇಳಬೇಕು. ಕರಾವಳಿಯವರಿಗೆ ಕುಚ್ಚಲಕ್ಕಿ ಬದಲು ಬಿಳಿ ಅಕ್ಕಿ ಅನ್ನಬೇಕು. ಹೊಟ್ಟೆ ಖಾಲಿ ಇರಬೇಕು ಅಂದರೆ ಈ ಊರಿನ ಅಜ್ಜಿಯರು ಏಕಾದಶಿ ಅಂದುಕೊಂಡು ಸಾಬೂದಾಣಿ ಖಿಚಡಿ ಮಾಡಿಕೊಳ್ಳುತ್ತಾರೆ, ಮೇಲೆ ಒಂದು ಹಿಡಿ ಶೇಂಗಾ ಪುಡಿ. ದ್ರವ ಆಹಾರ ಅಂದರೆ ಟೊಮೆಟೊ ಸಾರು, ಬೀಜ ಸಮೇತ. ತಂಪಿಗೆ ಕೋಕಂ ಶರಬತ್ತು. ಅದರ ಕೆಂಪು ಕರುಳಿನಲ್ಲಿ ಉಳಿದರೆ ಸ್ಕ್ರೀನಿನಲ್ಲಿ ರಕ್ತದ ಹಾಗೆ ಕಾಣುತ್ತದೆ. ಸ್ಕೋಪಿನಲ್ಲಿ ಕೊಳಕು ಎಳೆದುಕೊಳ್ಳುವ ದಾರಿ 4 ಮಿಲಿಮೀಟರಿಗಿಂತ ಕಿರಿದು. ಒಗ್ಗರಣೆ ಸಾಸಿವೆ, ಟೊಮೆಟೊ ಸಿಪ್ಪೆ, ಪೇರಲೆ ಬೀಜ ಬಂದು ಕೂತರೆ ಅದು ಕಟ್ಟುತ್ತದೆ. ಡಾಕ್ಟರು ಅರ್ಧಕ್ಕೇ ನಿಲ್ಲಿಸಿ ಪಿಚಕಾರಿ ಹಿಡಿದು ನೀರು ಬಿಡುತ್ತಾ ನಿಲ್ಲುತ್ತಾರೆ, ಪೇಷಂಟಿಗೆ ಮತ್ತಷ್ಟು ಹೊಟ್ಟೆನೋವು.

ಇಡೀ ದಿನ ಬರೀ ನೀರಿನ ಮೇಲೆ ಇರಿಸುವುದೂ ಈಗ ಬೇಕಿಲ್ಲ. ತೊಂದರೆ ಹೆಚ್ಚಿಲ್ಲದವರು ಹಿಂದಿನ ದಿನ ಬೆಳಿಗ್ಗೆ, ಮಧ್ಯಾಹ್ನ ನಾರು ಕಡಿಮೆ ಇರುವುದನ್ನು ತಿನ್ನಬಹುದು ಅಂತ ಮಾರ್ಗಸೂಚಿಗಳೇ ಹೇಳುತ್ತವೆ. ನಮ್ಮ ಅಡುಗೆಮನೆಯಲ್ಲಿ ಅದಕ್ಕೇನು ಬರ? ಇಡ್ಲಿ, ನೀರುದೋಸೆ, ಒಗ್ಗರಣೆ ಹಾಕದ ಮೊಸರನ್ನ, ಬೇಳೆಯ ತಿಳಿ, ಬಿಳಿ ಬ್ರೆಡ್ಡು, ತಿನ್ನುವವರಾದರೆ ಮೊಟ್ಟೆ. ಸಂಜೆಯಿಂದ ಮಾತ್ರ ತಿಳಿ ದ್ರವ: ನೀರು, ಸೋಸಿದ ಲಿಂಬೆ ಶರಬತ್ತು, ಹಾಲು ಹಾಕದ ಚಹಾ, ಎಳನೀರು. ಕಿಡ್ನಿ ತೊಂದರೆ ಇರುವವರಿಗೆ ಎಳನೀರು ಬೇಡ, ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ. ಹಸಿವಿನಿಂದ ಕಂಗೆಟ್ಟವರಿಗಿಂತ ಮಧ್ಯಾಹ್ನ ಮೊಸರನ್ನ ತಿಂದವರು ಔಷಧವನ್ನು ಪೂರ್ತಿ ಕುಡಿಯುತ್ತಾರೆ. ಇದು ನಾನು ಕಣ್ಣಾರೆ ಕಂಡದ್ದು.

ಮಾತ್ರೆಗಳ ಬಗ್ಗೆ ಎರಡು ಮಾತು. ನಮ್ಮ ದೇಶದಲ್ಲಿ ಆರೋಗ್ಯವಾಗಿರುವವರಿಗೆಲ್ಲ ಕೊಲೊನೋಸ್ಕೋಪಿ ಮಾಡುವ ಸರ್ಕಾರಿ ಕಾರ್ಯಕ್ರಮ ಇಲ್ಲ. ಇಲ್ಲಿ ಬರುವವರು ಹೆಚ್ಚಾಗಿ ರಕ್ತ ಹೋಗುತ್ತಿದೆ, ಹಿಮೋಗ್ಲೋಬಿನ್ ಇಳಿದಿದೆ ಅಂತ ಬರುವವರು. ಹಾಗಾಗಿ ಎಷ್ಟೋ ಜನ ಮೊದಲೇ ಕಬ್ಬಿಣದ ಮಾತ್ರೆ ತಿನ್ನುತ್ತಿರುತ್ತಾರೆ. ಅದು ಮಲವನ್ನು ಕಪ್ಪು ಅಂಟಾಗಿಸಿ ಗೋಡೆಗೆ ಮೆತ್ತುತ್ತದೆ. ಸುಮಾರು ಒಂದು ವಾರ ಮುಂಚೆ ನಿಲ್ಲಿಸಬೇಕು. ತಾರೀಖು ಕೊಡುವ ದಿನವೇ ಹೇಳದಿದ್ದರೆ ಆಮೇಲೆ ಹೇಳಲು ಹೊತ್ತೇ ಇರುವುದಿಲ್ಲ. ಸಕ್ಕರೆ ಮಾತ್ರೆ, ಇನ್ಸುಲಿನ್, ರಕ್ತ ತೆಳು ಮಾಡುವ ಮಾತ್ರೆ, ಇವುಗಳಲ್ಲಿ ಯಾವುದನ್ನು ಎಂದಿನಿಂದ ನಿಲ್ಲಿಸಬೇಕು ಅಂತ ಡಾಕ್ಟರೇ ಆ ಹಾಳೆಯ ಮೇಲೆ ಕೈಯಲ್ಲಿ ಬರೆಯಬೇಕು. "ನಿಮ್ಮ ಡಾಕ್ಟರನ್ನು ಕೇಳಿ" ಅಂತ ಅಚ್ಚು ಹಾಕಿದರೆ, ಪಾಪ, ಎದುರಿಗೆ ಕೂತವರೇ ಡಾಕ್ಟರು ಅಂತ ಅವರು ಅಂದುಕೊಂಡಿರುತ್ತಾರೆ. ಕುಡಿಯುವುದು ಕಡಿಮೆ ಅನ್ನುವ ಕಾರಣಕ್ಕೆ ಕೆಲವರು ಇನ್ನೂ ಸೋಡಿಯಂ ಫಾಸ್ಫೇಟಿನ ಔಷಧ ಬರೆಯುತ್ತಾರೆ. ಅದು ಕಿಡ್ನಿಗೆ ಹಾನಿ ಮಾಡಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಕಟ್ಟುನಿಟ್ಟಾಗಿ ಎಚ್ಚರಿಸಿದೆ. ವಯಸ್ಸಾದವರಿಗೆ, ಬಿಪಿ ಮಾತ್ರೆ ತಿನ್ನುವವರಿಗೆ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಪೌಡರೇ ಇರಲಿ.

ಹಾಳೆ ಎಷ್ಟೇ ಚೆನ್ನಾಗಿದ್ದರೂ ಒಂದು ಫೋನಿನ ಬದಲಿಗೆ ಅದು ನಿಲ್ಲುವುದಿಲ್ಲ. ಚೀನಾದಲ್ಲಿ ಒಂದು ಅಧ್ಯಯನ ನಡೆದಿತ್ತು, 2014ರಲ್ಲಿ "ಗಟ್" ಪತ್ರಿಕೆಯಲ್ಲಿ ಬಂತು. ಪರೀಕ್ಷೆಯ ಹಿಂದಿನ ದಿನ ಫೋನ್ ಮಾಡಿ ಮತ್ತೊಮ್ಮೆ ವಿವರಿಸಿದವರಲ್ಲಿ 80%ಗೂ ಹೆಚ್ಚು ಜನರ ಕರುಳು ಸ್ವಚ್ಛವಾಗಿತ್ತು. ಫೋನ್ ಮಾಡದವರಲ್ಲಿ ಅದು ಸುಮಾರು 70%. ಪಾಲಿಪ್ ಸಿಕ್ಕಿದ್ದೂ ಫೋನ್ ಬಂದವರಲ್ಲೇ ಜಾಸ್ತಿ. ನಿಮ್ಮಲ್ಲಿ ಮಧ್ಯಾಹ್ನ ಲಿಸ್ಟ್ ಮುಗಿದ ಮೇಲೆ ಒಬ್ಬ ನರ್ಸ್ ಮರುದಿನದ ಪಟ್ಟಿ ಹಿಡಿದು ಕೂರಲಿ. ಕನ್ನಡದವರಿಗೆ ಕನ್ನಡದಲ್ಲಿ ಮಾತಾಡುವವರು ಇಲ್ಲದಿದ್ದರೆ ವಾಟ್ಸಾಪಿನಲ್ಲಿ ಆಡಿಯೋ ಕಳಿಸಲಿ. ಓದಲು ಬಾರದ ಅಜ್ಜನಿಗೆ ವೀಡಿಯೋಗಿಂತ ಆಡಿಯೋ ವಾಸಿ, ಮತ್ತೆ ಮತ್ತೆ ಕೇಳುತ್ತಾರೆ. ರಾತ್ರಿ ವಾಂತಿ ಆಯಿತು, ತಲೆ ಸುತ್ತಿತು ಅಂದರೆ ಕರೆ ಮಾಡಲು ಒಂದು ನಂಬರು ಹಾಳೆಯ ಮೇಲಿರಲಿ, ಆ ನಂಬರನ್ನು ಯಾರಾದರೂ ಎತ್ತಲಿ.

ಕೊನೆಯದಾಗಿ ನಿಮ್ಮ ರಿಜಿಸ್ಟರು. ಬೋಸ್ಟನ್ ಸ್ಕೋರ್ ನಿಮಗೆಲ್ಲ ಗೊತ್ತಿರುವುದೇ: ಎಷ್ಟು ಸ್ವಚ್ಛವಾಗಿದೆ ಅಂತ ನೋಡಿ ಕರುಳಿನ ಮೂರು ಭಾಗಕ್ಕೆ 0ಯಿಂದ 3ರವರೆಗೆ ಅಂಕ, ಪ್ರತಿ ಭಾಗಕ್ಕೂ 2 ಬಂದರೆ ಪಾಸು. "ಪೂರ್", "ಫೇರ್" ಅಂತ ಬಾಯಿಗೆ ಬಂದದ್ದು ಬರೆಯುವ ಬದಲು ಈ ಅಂಕ ಬರೆಯಿರಿ. ಪಕ್ಕದಲ್ಲಿ ಎರಡು ಕಾಲಂ ಹಾಕಿಸಿ: ಪೇಷಂಟಿನ ಸ್ಟೇಷನ್ ಯಾವುದು, ಕೊಟ್ಟ ಸಮಯ ಯಾವುದು. ಮೂರು ತಿಂಗಳಾದ ಮೇಲೆ ತೆರೆದು ನೋಡಿ. ನೂರರಲ್ಲಿ 90 ಜನರ ತಯಾರಿಯಾದರೂ ಸರಿಯಿರಬೇಕು ಅನ್ನುವುದು ಈಗಿನ ಅಳತೆ. ಪ್ರಪಂಚದ ಲೆಕ್ಕದಲ್ಲಿ 20ರಿಂದ 25% ಪರೀಕ್ಷೆಗಳವರೆಗೆ ತಯಾರಿ ಸಾಲದೆ ಹೋಗುತ್ತದೆ ಅಂತ ಆ 2014ರ ಮಾರ್ಗಸೂಚಿಯೇ ಬರೆದಿತ್ತು. ನಿಮ್ಮಲ್ಲಿ ಫೇಲಾದವರು ಯಾವ ಸ್ಟೇಷನ್ನಿನವರು, ಎಷ್ಟು ಗಂಟೆಯವರು ಅಂತ ಆ ಕಾಲಂಗಳೇ ಹೇಳುತ್ತವೆ. ಆಮೇಲೂ ಅದು ಪೇಷಂಟಿನದೇ ತಪ್ಪು ಅನ್ನಿಸಿದರೆ ನನ್ನ ಈ ಪತ್ರವನ್ನು ಹರಿದು ಹಾಕಿ.

ನಮ್ಮವರಿಗೆ ಇಷ್ಟು ಹೇಳಿ ನಿಲ್ಲಿಸುತ್ತೇನೆ. ತಾರೀಖು ತೆಗೆದುಕೊಳ್ಳುವಾಗ ಮನೆ ದೂರ ಇದೆ, ಸಂಡಾಸು ಹೊರಗಿದೆ ಅಂತ ನಾಚದೆ ಹೇಳಿ. ಪೌಡರನ್ನು ಅಂದಾಜಿನ ಚೆಂಬಿನಲ್ಲಿ ಕಲಸಬೇಡಿ, ಒಂದು ಲೀಟರಿನ ನೀರಿನ ಬಾಟ್ಲಿ ಇಟ್ಟುಕೊಂಡು ಅಳೆಯಿರಿ. ತಣ್ಣಗೆ ಮಾಡಿದರೆ ಗಂಟಲಲ್ಲಿ ಇಳಿಯುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಒಂದು ಗ್ಲಾಸು, ನಡುವೆ ಲಿಂಬೆ ಹೋಳು ಚೀಪಿ, ಮನೆಯಲ್ಲೇ ಅತ್ತಿತ್ತ ನಡೆಯಿರಿ. ವಾಕರಿಕೆ ಬಂದರೆ ಅರ್ಧ ಗಂಟೆ ಬಿಟ್ಟು ನಿಧಾನಕ್ಕೆ ಮುಂದುವರಿಸಿ. ಬೇಧಿ ಶುರುವಾಯಿತು ಅಂತ ನಿಲ್ಲಿಸಬೇಡಿ. ಹೊಟ್ಟೆ ಉಬ್ಬಿ ಜೋರು ನೋವು ಬಂದರೆ, ವಾಂತಿ ನಿಲ್ಲದಿದ್ದರೆ ಮಾತ್ರ ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ. ಮೊದಲಿನಿಂದ ಮಲಬದ್ಧತೆ ಇದ್ದರೆ ಡಾಕ್ಟರಿಗೆ ಮುಂಚೆಯೇ ಹೇಳಿ, ಅಂಥವರಿಗೆ ಮಾಮೂಲಿ ಡೋಸ್ ಸಾಲದೆ ಹೋಗಬಹುದು.

ಮಾನ್ಯರೇ, ಕನ್ನಡದ ಹಾಳೆಯೊಂದನ್ನು ನಾನು ಬರೆದು ಇಟ್ಟಿದ್ದೇನೆ. ಡೋಸು, ಗಂಟೆ, ನಿಲ್ಲಿಸಬೇಕಾದ ಮಾತ್ರೆ, ಈ ಮೂರು ಜಾಗ ಖಾಲಿ ಬಿಟ್ಟಿದ್ದೇನೆ. ಅದನ್ನು ನಿಮ್ಮ ವೈದ್ಯರೇ ತುಂಬಬೇಕು. ಯಾವ ವಿಭಾಗಕ್ಕೆ ಬೇಕೋ ಹೇಳಿ ಕಳಿಸಿದರೆ ತಂದು ಕೊಡುತ್ತೇನೆ. ಮಧ್ಯಾಹ್ನದ ಫೋನ್ ಕೆಲಸಕ್ಕೆ ಕನ್ನಡ ಬಲ್ಲವರು ಬೇಕಾದರೆ ವಾರಕ್ಕೆ ಎರಡು ದಿನ ನಾನೇ ಬಂದು ಕೂರುತ್ತೇನೆ, ಲೋಕಲ್ ಪಾಸು ಇನ್ನೂ ಇದೆ.

ಇಂತಿ,
ನಿವೃತ್ತ ಎಂಡೋಸ್ಕೋಪಿ ನರ್ಸ್, ಡೊಂಬಿವಲಿ